ಬಾಷಣ್ಣ ಕೊಡದ ಪುದಿನ ಟೀ

ಬಾಷಣ್ಣ ರಸ್ತೆ ನೋಡಿಕೊಂಡು ಜೀಪು ಓಡಿಸಿದ್ದನ್ನು ನಾನು ಕಂಡಿದ್ದು ಕಡಿಮೆ. ಅವನ ಕಣ್ಣು ಯಾವಾಗಲೂ ಮೇಲಿನ ಕನ್ನಡಿಯಲ್ಲಿ. ಹಿಂದೆ ಎದುರುಬದುರು ಒತ್ತಿಕೊಂಡು ಕೂತವರಲ್ಲಿ ಯಾರ ತುಟಿ ಬಿಳಿಚಿಕೊಂಡಿತು, ಯಾರು ಸೆರಗನ್ನು ಬಾಯಿಗೆ ಒತ್ತಿಕೊಂಡರು ಎಂದು ಹುಡುಕುತ್ತಿದ್ದ. ಅಂಥವರು ಕಂಡರೆ ಜೀಪು ಪಕ್ಕಕ್ಕೆ ನಿಲ್ಲುತ್ತಿತ್ತು, ಸೀಟಿನ ಕೆಳಗಿನಿಂದ ಸ್ಟೀಲಿನ ಫ್ಲಾಸ್ಕ್ ಹೊರಬರುತ್ತಿತ್ತು. ಅದರಲ್ಲಿ ಪುದಿನ ಟೀ. ಆನೇಮಹಲಿನ ಅವನ ಮನೆಯ ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಪುದಿನ, ಚೂರು ಶುಂಠಿ, ಚಿಟಿಕೆ ಟೀಪುಡಿ, ಬೆಲ್ಲ. ಹಾಲು ಹಾಕುತ್ತಿರಲಿಲ್ಲ.

ನಾನು ಸಕಲೇಶಪುರದಿಂದ ಹಾನುಬಾಳಿನ ಹತ್ತಿರದ ಶಾಲೆಗೆ ದಿನಾ ಅವನ ಜೀಪಿನಲ್ಲೇ ಹೋಗುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾಲ್ಕು ದಿನ ದಾರಿಯಲ್ಲಿ ವಾಂತಿ. ಐದನೆಯ ದಿನ ಫ್ಲಾಸ್ಕಿನ ಮುಚ್ಚಳ ನನ್ನ ಕೈಗೆ ಬಂತು.

"ಗಟಗಟ ಕುಡೀಬ್ಯಾಡಿ ಟೀಚರಮ್ಮ. ಮೊದ್ಲು ಹಬೆ ಮೂಗ್ನಾಗೆ ಎಳ್ಕಳಿ, ಆಮೇಲೆ ಬಾಯಿಗೆ. ಹೊಟ್ಟೆ ಉಬ್ರ, ಗ್ಯಾಸು, ಕಟ್ಟಿದ ಮೂಗು, ಎಲ್ಲಕ್ಕೂ ಒಳ್ಳೇದು. ಎದೆ ಉರಿ ಇದ್ರೆ ಮಾತ್ರ ಹೇಳ್ಬುಡಿ. ಅಂತೋರ್ಗೆ ನಾನು ಕೊಡಲ್ಲ, ಇನ್ನೂ ಉರೀತದೆ."

ಆಮೇಲೆ ಮೂರು ವರ್ಷ ನನಗೆ ಆ ದಾರಿಯಲ್ಲಿ ವಾಂತಿಯಾಗಲಿಲ್ಲ. ಕಾಫಿ ಸೀಮೆಯಲ್ಲಿ ಹುಟ್ಟಿ ಸೊಪ್ಪಿನ ನೀರು ಕುಡಿಸ್ತೀಯಲ್ಲ ಮಾರಾಯ ಎಂದು ಯಾರಾದರೂ ರೇಗಿಸಿದರೆ, "ತಿರುವಿನಾಗೆ ಕಾಫಿ ಕುಡ್ದು ಹೊಟ್ಟೆ ನಿಂತಿರೋನ್ನ ಒಬ್ನ ತೋರ್ಸು," ಎನ್ನುತ್ತಿದ್ದ. ಜೀಪಿನಲ್ಲಿ ಅವನದು ಒಂದೇ ಕಾನೂನು. ಮುಂದಿನ ಸೀಟು ಹೊಟ್ಟೆ ತೊಳಸುವವರಿಗೆ.

ಈ ಕಾನೂನು ಒಂದು ಎಸ್ಟೇಟಿನ ರೈಟರಿಗೆ ಹಿಡಿಸಲಿಲ್ಲ. ಕೆಲಸದವರ ಹಾಜರಿ ಬರೆಯುವ ಮನುಷ್ಯ, ಅವರೆದುರು ಮುಂದೆಯೇ ಕೂರಬೇಕೆಂಬ ಹಟದವನು. ಒಂದು ಬೆಳಿಗ್ಗೆ ಬಾಷಣ್ಣ ಅವನನ್ನು ಇಳಿಸಿ, ಎಸ್ಟೇಟ್ ಕೂಲಿಗಳ ಲೈನುಮನೆಯ ಒಬ್ಬಳು ಬಸುರಿಯನ್ನು ಅಲ್ಲಿ ಕೂರಿಸಿದ. ಅದೇ ಸಂಜೆ ಊರಿನ ವಾಟ್ಸಾಪ್ ಗುಂಪಿಗೆ ರೈಟರ ಧ್ವನಿ ಬಂತು. ಬಾಷನ ಟೀಯಲ್ಲಿ ಏನೋ ಬೆರೆಸಿರುತ್ತದೆ, ಕುಡಿದ ಹೆಂಗಸರು ತಲೆ ತಿರುಗಿ ಬೀಳುತ್ತಿದ್ದಾರೆ, ಎಚ್ಚರ ಎಂದು.

ಹಾಗೆ ಬಿದ್ದವಳು ಒಬ್ಬಳೂ ಇರಲಿಲ್ಲ. ಆದರೂ ಮಾರನೆಯ ದಿನ ಜೀಪು ಅರ್ಧ ಖಾಲಿ, ಫ್ಲಾಸ್ಕಿಗೆ ಕೈ ಚಾಚುವವರೇ ಇಲ್ಲ. ಬಾಷಣ್ಣ ಮುಚ್ಚಳಕ್ಕೆ ಬಗ್ಗಿಸಿ ನನ್ನತ್ತ ಹಿಡಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇವತ್ತು ಉಪವಾಸ ಬಾಷಣ್ಣ," ಎಂದುಬಿಟ್ಟೆ. ಅಂದು ಬುಧವಾರ. ನಮ್ಮ ಮನೆಯಲ್ಲಿ ಉಪವಾಸ ಸೋಮವಾರ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಟೀಯನ್ನು ರಸ್ತೆಗೆ ಚೆಲ್ಲಿ ಗೇರ್ ಹಾಕಿದ.

ತಿಂಗಳು ಕಳೆದ ಮೇಲೆ ರೈಟರ ಬೈಕು ಕೆಟ್ಟು ನಿಂತಿತು. ಬೇರೆ ದಾರಿಯಿಲ್ಲದೆ ಜೀಪಿಗೇ ಬಂದ. ಬಾಷಣ್ಣ ಬಹಳ ಮರ್ಯಾದೆಯಿಂದ ಅವನನ್ನು ಹಿಂದಿನ ಸೀಟಿನ ಕಟ್ಟಕಡೆಗೆ, ಮೈ ಎತ್ತಿ ಹಾಕುವ ಜಾಗಕ್ಕೇ ಕೂರಿಸಿದ. ಅಂದು ಒಂದು ತಿರುವನ್ನೂ ಅವನು ವೇಗವಾಗಿ ತೆಗೆದುಕೊಳ್ಳಲಿಲ್ಲ. ನಿಧಾನವಾಗಿ, ತೊಟ್ಟಿಲು ತೂಗಿದ ಹಾಗೆ ಅತ್ತ ಒಂದು ಸಲ, ಇತ್ತ ಒಂದು ಸಲ. ಕಣ್ಣು ಮಾತ್ರ ಕನ್ನಡಿಯಲ್ಲಿ. ರೈಟರ ಮುಖ ಹಸಿರಾಯಿತು, ಆಮೇಲೆ ಬೂದಿ ಬಣ್ಣವಾಯಿತು. ನನಗೆ ಕರುಣೆ ಬರಲಿಲ್ಲ, ಇನ್ನೂ ನಾಲ್ಕು ತಿರುವು ಇರಬಾರದಿತ್ತೇ ಅನ್ನಿಸಿತು.

"ನಿಲ್ಸಪ್ಪ!" ಎಂದು ಕೂಗಿದವನು ಇಳಿದು ಚರಂಡಿಯ ಪಕ್ಕ ಕುಕ್ಕರಿಸಿದ. ಬಾಷಣ್ಣ ಫ್ಲಾಸ್ಕ್ ತೆರೆದ. ಪುದಿನದ ಘಮ ಜೀಪೆಲ್ಲ ತುಂಬಿತು. ಬೇಕೆಂದೇ ಲೈನಿನ ಹೆಂಗಸರಿಗೆ ಒಬ್ಬೊಬ್ಬರಿಗೂ ಕೊಟ್ಟ. ತಿಂಗಳಿನಿಂದ ಅದನ್ನು ಮುಟ್ಟದಿದ್ದವರೂ ರೈಟರನ್ನೇ ನೋಡುತ್ತ ಗುಟುಕು ಗುಟುಕಾಗಿ ಕುಡಿದರು. ಕೊನೆಗೆ ರೈಟರೂ ಕೈ ಚಾಚಿದ.

"ಅಯ್ಯೋ, ಇದ್ರಾಗೆ ಏನೋ ಬೆರೆಸೈತಂತಲ್ಲ ರೈಟ್ರೇ. ಫೋನ್ ತೆಗೀರಿ. ಅದೇ ಗುಂಪಿಗೆ ಹೇಳಿ, ಆಮೇಲೆ ಕೊಡ್ತೀನಿ."

ರೈಟರ್ ಒದ್ದಾಡಿದ. ಮತ್ತೊಮ್ಮೆ ಓಕರಿಕೆ ಬಂದ ಮೇಲೆ ಫೋನು ಹೊರಬಂತು. ಬಾಷಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿಕೊಟ್ಟ.

"ಬಾಷನ ಟೀನಾಗೆ ಏನೂ ಬೆರೆಸಿಲ್ಲ, ನಾನೇ ಸುಳ್ಳು ಹೇಳಿದ್ದು. ಹೂಂ, ಹೇಳಿ. ವಾಂತಿಗೆ ಒಳ್ಳೇದು. ಗ್ಯಾಸಿಗೆ ಒಳ್ಳೇದು. ಮೂಗು ಕಟ್ಟಿದ್ರೆ ಒಳ್ಳೇದು."

ರೈಟರ್ ಒಂದೊಂದಕ್ಕೂ ಒಮ್ಮೆ ಓಕರಿಸುತ್ತ ಎಲ್ಲವನ್ನೂ ಒಪ್ಪಿಸಿದ. ಆ ಧ್ವನಿ ಹಾನುಬಾಳಿನ ಅಂಗಡಿಗಳಲ್ಲಿ ವಾರವಿಡೀ ಮೊಳಗಿತು. ನಾನೂ ನನ್ನ ಫೋನಿನಲ್ಲಿ ಇಟ್ಟುಕೊಂಡೆ, ಬೇಜಾರಾದಾಗ ಹಾಕಿಕೊಂಡು ಕೇಳುತ್ತೇನೆ. ಹೇಳಿ ಮುಗಿಸಿದವನಿಗೆ ಬಾಷಣ್ಣ ಮುಚ್ಚಳದ ತುಂಬ ಟೀ ಕೊಟ್ಟ, ಹೊಟ್ಟೆ ತೊಳಸುವವರ ಮುಂದಿನ ಸೀಟಿಗೂ ಕೂರಿಸಿದ. ಅವನ ಮಟ್ಟಿಗೆ ರೈಟರ ವಿಷಯ ಮುಗಿದಿತ್ತು.

ಆ ಸಂಭ್ರಮದಲ್ಲಿ ನಾನೂ ಕೈ ಚಾಚಿದೆ. "ಟೀಚರಮ್ಮಂಗೆ ಉಪವಾಸ," ಎಂದು ಬಾಷಣ್ಣ ಫ್ಲಾಸ್ಕ್ ಮುಚ್ಚಿದ.

ತಮಾಷೆ ಎಂದುಕೊಂಡೆ. ಆದರೆ ವಾರ ಕಳೆಯಿತು, ಮಳೆಗಾಲ ಕಳೆಯಿತು, ವರ್ಷವೂ ಕಳೆಯಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡರೆ ಜೀಪು ನಿಲ್ಲುತ್ತಿತ್ತು, ಮುಂದಿನ ಸೀಟು ಸಿಗುತ್ತಿತ್ತು, ಟೀ ಮಾತ್ರ ಇಲ್ಲ. ನನಗೂ ಸಿಟ್ಟು ನೆತ್ತಿಗೇರಿತು. ಮನೆಯಲ್ಲೇ ಪುದಿನ ಕುದಿಸಿ ಫ್ಲಾಸ್ಕಿನಲ್ಲಿ ತಂದು ಅವನ ಕನ್ನಡಿಗೆ ಕಾಣುವಂತೆ ಕುಡಿಯತೊಡಗಿದೆ. ಲೋಟ ತುಟಿಗಿಡುವ ಹೊತ್ತಿಗೇ ರಸ್ತೆಯಲ್ಲಿ ಗುಂಡಿ ಬರುತ್ತಿತ್ತು. ಪಕ್ಕದವರಿಗೆ ಹೇಳುವಂತೆ, "ಸೊಪ್ಪು ಕುದಿಸ್ಬಾರ್ದು, ಬಿಸಿನೀರ್ಗೆ ಹಾಕಿ ಮುಚ್ಚಿಡ್ಬೇಕು. ಕುದಿಸಿದ್ರೆ ಕಹಿ," ಎನ್ನುತ್ತಿದ್ದ. ನಿಜಕ್ಕೂ ಕಹಿಯಾಗಿತ್ತು. ಒಂದು ಮಾತು ತಪ್ಪಾಯ್ತು ಅಂದಿದ್ದರೆ ಮುಗಿಯುತ್ತಿತ್ತೋ ಏನೋ. ನಾನು ಅನ್ನಲಿಲ್ಲ.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಜೀಪು ಹತ್ತುವವರು ಕಡಿಮೆಯಾದರು. ಬಾಷಣ್ಣ ಅದನ್ನು ಮಾರಿದ. ಕಿಡ್ನಿ ಕೆಟ್ಟಿದೆಯಂತೆ ಎಂದು ಕೇಳಿ ಹೋದ ವರ್ಷ ಆನೇಮಹಲಿಗೆ ಹೋದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ, ಅರ್ಧ ಆಳಾಗಿದ್ದ. ಅವನ ಹೆಂಡತಿ ಜುಬೇದಕ್ಕ ಎರಡು ಪುಟ್ಟ ಲೋಟ ಪುದಿನ ಟೀ ತಂದಿಟ್ಟು, "ಅವ್ರಿಗೆ ಡಾಕ್ಟ್ರು ನೀರು ಟೀ ಎಲ್ಲಾ ಅಳ್ದು ಕುಡೀರಿ ಅಂದವ್ರೆ, ನೀವು ತಗಳಿ," ಎಂದು ಒಳಗೆ ಹೋದರು.

"ಬಾಷಣ್ಣ, ಅವತ್ತು ನಂಗೆ ಉಪವಾಸ ಇರ್ಲಿಲ್ಲ," ಎಂದೆ.

"ಗೊತ್ತು ಕಣಮ್ಮ."

"ರೈಟರಿಗೆ ಅವತ್ತೇ ಕೊಟ್ರಿ. ನಂಗ್ಯಾಕೆ ಇಷ್ಟು ವರ್ಷ?"

ಅವನು ತನ್ನ ಲೋಟ ಕೈಗೆತ್ತಿಕೊಂಡ. "ರೈಟ್ರು ನನ್ ಟೀ ಒಂದಿನಾನೂ ಕುಡ್ದಿರ್ಲಿಲ್ಲ, ಏನೋ ಅಂದ್ರು. ನೀವು ಮೂರ್ ವರ್ಸ ಕುಡ್ದಿದ್ರಿ."

ನನ್ನ ಕೈ ತಾನಾಗಿ ಲೋಟದ ಕಡೆ ಹೋಯಿತು. ಅಷ್ಟರಲ್ಲಿ ಬಾಷಣ್ಣ ತನ್ನ ಲೋಟ ಖಾಲಿ ಮಾಡಿ, ನನ್ನದನ್ನೂ ಎತ್ತಿಕೊಂಡು, ನನ್ನನ್ನೇ ನೋಡುತ್ತ ಕೊನೆಯ ಹನಿಯವರೆಗೆ ಕುಡಿದ.