ಓಡಿಹೋದ ವಾದ್ಯಗಳನ್ನು ಹಿಡಿದು ತರುವ ಸಿಕ್ಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ಅಂಗಡಿಯ ಮೇಲಿರುವ ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲಿ ಆಗಲೇ ಗಲಾಟೆ ಶುರುವಾಗಿದೆ. ಅಂತಿಂಥ ಗಲಾಟೆಯಲ್ಲ! ಸ್ಪೀಕರಿನಲ್ಲಿ ಹೆಂಗಸೊಬ್ಬರು ಮನಸ್ಸು ಬಿಚ್ಚಿ ಹಾಡುತ್ತಿದ್ದಾರೆ. ಡ್ರಮ್ಮು, ಕೊಳಲು, ಪಿಯಾನೋ ಮೂರೂ ಒಟ್ಟು ಸೇರಿ ಅವರನ್ನು ನಡುದಾರಿಯಲ್ಲಿ ಕೈಬಿಟ್ಟು ಮುಂದಕ್ಕೆ ಓಡುತ್ತಿವೆ. ಹಾಡು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ವಾದ್ಯಗಳೆಲ್ಲ ಕೆಲಸ ಮುಗಿಸಿ ಮನೆ ಸೇರಿಯಾಗಿದೆ. ಕಂಪ್ಯೂಟರಿನ ಮುಂದೆ ತೋಳು ಮಡಚಿ ಕೂತ ದಪ್ಪ ಕನ್ನಡಕದ ಹೆಂಗಸು ಮಾತ್ರ ಇದನ್ನು ಕೇಳುತ್ತ ಕಣ್ಣರಳಿಸುತ್ತಾರೆ. "ಆಹಾ, ಏನ್ ಚೆನ್ನಾಗಿ ಕೆಡಿಸಿದ್ದೀಯಪ್ಪಾ! ಇಷ್ಟು ಚೆನ್ನಾಗಿ ಕೆಟ್ಟಿರೋದು ನೋಡಿ ಎಷ್ಟು ದಿನ ಆಗಿತ್ತು!"

ಇವರೇ ಸಿಕ್ಕಕ್ಕ. ಹಾಡು ಬರೆಯುವವರಲ್ಲ, ಹಾಡುವವರಲ್ಲ, ಬಾರಿಸುವವರೂ ಅಲ್ಲ. ಹಾಡು ಹಿಡಿದಿಡುವ ಸಾಫ್ಟ್‌ವೇರಿನಲ್ಲಿ ಟ್ರ್ಯಾಕುಗಳು ಹೇಳಿದ ಮಾತು ಕೇಳದೆ ಹಟ ಹಿಡಿದಾಗ ಊರಿನ ಸಂಗೀತದವರೆಲ್ಲ ಹುಡುಕಿಕೊಂಡು ಬರುವುದು ಇವರನ್ನು. "ನನ್ನನ್ನ ಊಟಕ್ಕೆ ಯಾರೂ ಕರೆಯಲ್ಲ. ಬೆಂಕಿ ಬಿದ್ದಾಗ ಮಾತ್ರ ಕರೀತಾರೆ" ಎಂದು ಅವರು ನಗುತ್ತಾರೆ. ಆ ನಗುವಿನಲ್ಲಿ ಕೊಂಚ ಕೊಂಕೂ ಇದೆ.

ಇಂದು ಬೆಂಕಿ ಬಿದ್ದಿರುವುದು ಒಬ್ಬ ಕೀಬೋರ್ಡ್ ವಾದಕನ ಹಾಡಿಗೆ. ಹಾಡಿರುವುದು ಅವನ ದೊಡ್ಡಮ್ಮ. ಅವರು ಹೊಲಿಗೆಯವರು. ಮಷಿನ್ ತುಳಿಯುತ್ತ ಜೀವಮಾನವಿಡೀ ಹಾಡಿದವರು, ಮೈಕಿನ ಮುಂದೆ ನಿಂತದ್ದು ಮಾತ್ರ ಒಂದೇ ಒಂದು ಸಲ. ಅದೂ ಗಂಟಲಲ್ಲಿ ಗಡ್ಡೆ ಇದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ. ಹಳೇ ದನಿ ಮತ್ತೆ ಬರುತ್ತದೋ ಇಲ್ಲವೋ ಹೇಳಲಾಗದು ಎಂದದ್ದಕ್ಕೆ, ಮಗನಂತಿರುವ ಇವನು ಗಾಬರಿಬಿದ್ದು ಆ ದನಿಯನ್ನು ಹಿಡಿದಿಟ್ಟುಕೊಂಡ. ಆಪರೇಷನ್ ಆಯಿತು. ಈಗ ದೊಡ್ಡಮ್ಮ ಇದೇ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕತ್ತಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾರೆ. ಒಂದು ಮಾತೂ ಆಡುವ ಹಾಗಿಲ್ಲ.

ಆ ಹಾಡು ಇವತ್ತು ಬೆಳಿಗ್ಗೆ ರೇಡಿಯೋದಲ್ಲಿ ಬರಬೇಕು. ಹೊಲಿಗೆ ಅಂಗಡಿಗಳ ಸಾಲಿನವರೆಲ್ಲ ಕಿವಿ ನೆಟ್ಟು ಕಾಯುತ್ತಿದ್ದಾರೆ. ನಿನ್ನೆ ರಾತ್ರಿ ಮಗನಿಗೆ ಹಾಡು ಸ್ವಲ್ಪ ಚುರುಕಾಗಿದ್ದರೆ ಚೆನ್ನ ಅನಿಸಿತು. ಇಡೀ ಹಾಡಿಗೆ ಒಂದೇ ವೇಗ ಕೊಟ್ಟು, ಅಂಕಿಯನ್ನು ಒಂದಿಷ್ಟು ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಅದನ್ನೇ ಸೇವ್ ಮಾಡಿ, ಮುಚ್ಚಿ, ಮಲಗಿಬಿಟ್ಟ. ಎದ್ದು ಕೇಳಿದರೆ ಈ ಅವಾಂತರ.

"ದನಿಯನ್ನೇ ಕುಗ್ಗಿಸಿ ಕೂರಿಸೋಕೆ ನೋಡಿದೆ ಅಕ್ಕಾ" ಎನ್ನುತ್ತಾನೆ ಅವನು. "ನೀರಲ್ಲಿ ಮುಳುಗಿ ಹಾಡ್ದಂಗೆ ಕೇಳ್ಸತ್ತೆ."

"ಮೂಲದ್ದನ್ನ ಮುಟ್ಟಿಲ್ಲ ತಾನೇ?"

"ಇಲ್ಲ, ಅದು ಹಾಗೇ ಇದೆ."

"ಬದುಕಿದೆ. ಮೊದಲು ನಕಲು, ಆಮೇಲೆ ನನ್ನ ಸಾಹಸ" ಎಂದು ಸಿಕ್ಕಕ್ಕ ಇಡೀ ಹಾಡನ್ನು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಲು ಹಾಕುತ್ತಾರೆ. ಅವರು ಯಾರದೇ ಕೆಲಸಕ್ಕೆ ಕೈಹಾಕಲಿ, ಇದು ಮೊದಲ ನೇಮ.

ಪ್ರತಿ ಆಗುವ ತನಕ ಚಹಾ. ಆ ಪುರುಸೊತ್ತಿನಲ್ಲಿ ಅವರ ಕತೆ. ಹೆಸರಿನ ಕತೆಯೇ ಮೊದಲು. ಹರೆಯದಲ್ಲಿ ಅವರು ಕ್ಯಾಸೆಟ್ ನಕಲು ಮಾಡುವ ಅಂಗಡಿಯಲ್ಲಿದ್ದರು. ಟೇಪ್ ಸಿಕ್ಕಾದ ಕ್ಯಾಸೆಟ್ಟುಗಳನ್ನು ಜನ ಮಡಿಲಲ್ಲಿ ಕೂಸನ್ನು ಹೊತ್ತು ತಂದ ಹಾಗೆ ತರುತ್ತಿದ್ದರು. ಇವರು ಪೆನ್ಸಿಲ್ ತೂರಿಸಿ, ಗಂಟೂ ಬೀಳದಂತೆ, ಸುಕ್ಕೂ ಆಗದಂತೆ ಬಿಡಿಸಿ ಸುತ್ತಿಕೊಡುತ್ತಿದ್ದರು. ಸಿಕ್ಕು ಬಿಡಿಸುವ ಅಕ್ಕ ಎಲ್ಲರ ಬಾಯಲ್ಲಿ ಸಿಕ್ಕಕ್ಕ ಆದರು. ಆಮೇಲೆ ಕ್ಯಾಸೆಟ್ಟೇ ಹೋಯಿತು, ಅಂಗಡಿಯೂ ಮುಚ್ಚಿತು. ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಮಡಿಸಿಕೊಂಡು ಅವರು ಒಂದಷ್ಟು ವರ್ಷ ತಳ್ಳಿದರು. "ಕೈ ಮಡಿಸ್ತಿತ್ತು, ಕಿವಿ ಮಾತ್ರ ಉಪವಾಸ" ಎನ್ನುತ್ತಾರೆ.

ಕ್ಯಾಸೆಟ್ ಅಂಗಡಿಯ ಹಳೇ ಯಜಮಾನರು ಕಂಪ್ಯೂಟರ್ ತಂದು ಇದೇ ಕೋಣೆಯಲ್ಲಿ ರೆಕಾರ್ಡಿಂಗ್ ಶುರುಮಾಡಿದಾಗ ಮತ್ತೆ ಕರೆ ಬಂತು. ಬಂದದ್ದು ಕಸ ಗುಡಿಸಿ, ಫೋನ್ ಎತ್ತುವ ಕೆಲಸಕ್ಕೆ. ಮೌಸ್ ಮುಟ್ಟಿದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಹೆದರಿಸಿಟ್ಟಿದ್ದರು. ಹೆದರುವ ಪೈಕಿಯೇ ಇವರು? ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬೇಡದ ಹಾಡೊಂದನ್ನು ತೆರೆದು, ಬೇಕೆಂದೇ ಕೆಡಿಸಿ, ಮತ್ತೆ ಸರಿ ಮಾಡುವುದೇ ಅವರ ಶಾಲೆಯಾಯಿತು. ಒಂದು ದಿನ ಯಜಮಾನರು ಬೇಗ ಬಂದುಬಿಟ್ಟರು. ಬಾಗಿಲಲ್ಲೇ ನಿಂತು ನೋಡಿ, ಪೊರಕೆ ಇಸಿದುಕೊಂಡು ತಾವೇ ಗುಡಿಸತೊಡಗಿದರಂತೆ. ಅದನ್ನು ಹೇಳುವಾಗ ಸಿಕ್ಕಕ್ಕನಿಗೆ ಈಗಲೂ ನಗು ತಡೆಯಲಾಗದು.

ಅವರಿಗೆ ದಿನಕ್ಕೆ ಹತ್ತು ಹದಿನೈದು ಕರೆ ಬರುತ್ತವೆ. ಒಬ್ಬರಿಗೆ ಕೀ ಒತ್ತಿದರೆ ತೆರೆಯ ಮೇಲೆ ಗೆರೆ ಮೂಡುತ್ತದೆ, ಸದ್ದಿಲ್ಲ. ಇನ್ನೊಬ್ಬರಿಗೆ ಒಂದು ಸಲ ಒತ್ತಿದರೆ ಎರಡು ಸಲ ಕೇಳುತ್ತದೆ: ಕೀಬೋರ್ಡು ತಾನೂ ಹಾಡುತ್ತಿದೆ, ಕಂಪ್ಯೂಟರಿನಿಂದಲೂ ಹಾಡಿಸುತ್ತಿದೆ. ಮತ್ತೊಬ್ಬರ ಸ್ವರವೊಂದು ನಿಲ್ಲುವುದೇ ಇಲ್ಲ, ಹಸಿದ ಮಗುವಿನ ಹಾಗೆ ಕುಂಯ್ಗುಡುತ್ತಲೇ ಇದೆ. "ಬೆರಳು ಎತ್ತಿದ ಸುದ್ದಿ ಅದಕ್ಕೆ ಮುಟ್ಟಿಲ್ಲ ಪಾಪ, ಎಲ್ಲ ಸ್ವರ ನಿಲ್ಸೋ ಗುಂಡಿ ಒತ್ತು" ಎಂದು ಫೋನಿನಲ್ಲೇ ಸಮಾಧಾನ ಮಾಡುತ್ತಾರೆ. ಮನೆಯಲ್ಲೂ ಸಿಕ್ಕಕ್ಕ ಫೋನಿನಲ್ಲಿ ಹೀಗೆ "ಉಸಿರು ಕೇಳಿಸ್ತಿದೆಯಾ? ಎಷ್ಟು ಹೊತ್ತಿಂದ ಸದ್ದಿಲ್ಲ? ಏನೂ ಮುಟ್ಬೇಡಿ, ಬಂದೆ!" ಎಂದು ಕೂಗುವುದನ್ನು ಕೇಳಿ ಕೇಳಿ, ಸೊಸೆ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ ಎಂದು ಅತ್ತೆ ಬೀದಿಗೆಲ್ಲ ಸಾರಿದ್ದಾರೆ. ಈಗ ನೆರೆಯವರು ಮೊಣಕಾಲು ನೋವಿಗೆ ಮದ್ದು ಕೇಳಿಕೊಂಡು ಬರುತ್ತಾರೆ.

ಸಿಟಿ ಬಸ್ ಓಡಿಸುವ ಗಂಡ ಡಿಪೋಗೆ ಹೋಗುವ ದಾರಿಯಲ್ಲಿ ಇವರನ್ನು ಇಳಿಸಿ ಹೋಗುತ್ತಾರೆ. "ನಾನು ಬೀದೀಲಿ ಟ್ರಾಫಿಕ್ ಬಿಡಿಸ್ತೀನಿ, ಇವಳು ಕೋಣೇಲಿ ಟ್ರ್ಯಾಕ್ ಬಿಡಿಸ್ತಾಳೆ. ಮನೇಗ್ ಬಂದ್ಮೇಲೆ ಇಬ್ಬರೂ ಟಿವಿ ಹಾಕಲ್ಲ" ಎಂಬುದು ಅವರ ಮಾತು. ಮೌಸ್ ಹಿಡಿದು ಹಿಡಿದು ಹೆಂಡತಿಯ ಬಲಗೈ ಮಣಿಕಟ್ಟು ಊದಿದಾಗ ಎಣ್ಣೆ ತಿಕ್ಕುವವರೂ ಅವರೇ.

ಪ್ರತಿ ಮುಗಿಯಿತು. ಸಿಕ್ಕಕ್ಕ ಲೋಟ ಬದಿಗಿಟ್ಟು ಬೆರಳು ನೆಟಿಕೆ ತೆಗೆಯುತ್ತಾರೆ. ಕಂಗಾಲಾಗಿ ನಿಂತ ಮಗನಿಗೆ ನಡೆದದ್ದೇನೆಂದು ಬಿಡಿಸಿ ಹೇಳುತ್ತಾರೆ. "ನಿನ್ನ ಡ್ರಮ್ಮು, ಕೊಳಲು, ಪಿಯಾನೋ ಎಲ್ಲ ಮಿಡಿ. ಮಿಡಿ ಅಂದ್ರೆ ಸದ್ದಲ್ಲ ಮಹಾರಾಯ, ಹೀಗೆ ಬಾರಿಸು ಅಂತ ಬರೆದಿಟ್ಟ ಚೀಟಿ. ಬೇಗ ಅಂದ್ರೆ ಬೇಗ ಬಾರಿಸತ್ತೆ, ನಿಧಾನ ಅಂದ್ರೆ ನಿಧಾನ. ದೊಡ್ಡಮ್ಮನ ದನಿ ಆಡಿಯೋ. ಅದು ಬೆಂದ ಅನ್ನ. ಚೀಟೀನ ಎಷ್ಟು ಸಲ ಬೇಕಾದ್ರೂ ತಿದ್ದು. ಬೆಂದ ಅನ್ನಾನ ಮತ್ತೆ ಅಕ್ಕಿ ಮಾಡೋಕಾಗತ್ತಾ? ನೀನು ವೇಗ ಬದಲಾಯಿಸ್ದೆ, ಅವು ಓಡಿದ್ವು, ಇವರು ನಿಂತಲ್ಲೇ ನಿಂತ್ರು. ಹಳೇ ವೇಗ ಎಷ್ಟಿತ್ತು ಹೇಳು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎಲ್ಲಾನೂ ವಾಪಸ್ ಕರೀತೀನಿ."

"ಅದೇ ಗೊತ್ತಿಲ್ಲ" ಎಂದು ಅವನು ತಲೆ ತಗ್ಗಿಸುತ್ತಾನೆ. "ದೊಡ್ಡಮ್ಮ ಗುನುಗ್ತಿದ್ರು, ನಾನು ಜೊತೇಲಿ ಕೀ ತಟ್ಟಿ ವೇಗ ಹಿಡಿದೆ. ಅಂಕಿ ನೋಡ್ಲೇ ಇಲ್ಲ."

"ಅಯ್ಯೋ ನಿನ್ನ!" ಸಿಕ್ಕಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಮರುಕ್ಷಣವೇ ಕುರ್ಚಿಯನ್ನು ತಿರುಗಿಸಿ ದೊಡ್ಡಮ್ಮನ ಕಡೆ ನೋಡುತ್ತಾರೆ. "ನೀವು ಮಾತಾಡ್ಬೇಡಿ. ಮನಸ್ಸಲ್ಲೇ ಹಾಡ್ಕೊಳ್ಳಿ, ಕಾಲಲ್ಲಿ ತಾಳ ಹಾಕಿ." ದೊಡ್ಡಮ್ಮ ಕಣ್ಣು ಮುಚ್ಚುತ್ತಾರೆ. ಹೊಲಿಗೆ ಮಷಿನ್ ತುಳಿದು ಪಳಗಿದ ಪಾದ ನೆಲ ತಟ್ಟತೊಡಗುತ್ತದೆ. ಆ ತಟ್ಟಿಗೆ ಸರಿಯಾಗಿ ಸಿಕ್ಕಕ್ಕ ವೇಗ ಕೂರಿಸಿ ಹಾಡು ಬಿಡುತ್ತಾರೆ. ಪಲ್ಲವಿ ಕೂಡಿತು! ಮೊದಲ ಚರಣವೂ ಹೆಚ್ಚುಕಮ್ಮಿ ಕೂಡಿತು! ಮಗ ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ, ಎರಡನೇ ಚರಣದಲ್ಲಿ ಡ್ರಮ್ಮು ಮತ್ತೆ ಕೈಕೊಡುತ್ತದೆ. ಅಂಕಿಯನ್ನು ಕೂದಲೆಳೆಯಷ್ಟು ಅತ್ತ ಇತ್ತ ಮಾಡಿದರೂ ಅದೇ ಕತೆ. ಆರಂಭ ಕೂಡಿದರೆ ಕೊನೆ ತಪ್ಪುತ್ತದೆ, ಕೊನೆ ಕೂಡಿದರೆ ಆರಂಭ. ಸಿಕ್ಕಕ್ಕನ ಹಣೆಯಲ್ಲಿ ಬೆವರು. "ಥೂ, ನನ್ನ ಲೆಕ್ಕಾನೇ ತಪ್ಪು" ಎಂದು ಒಪ್ಪಿಕೊಳ್ಳುತ್ತಾರೆ.

ರೇಡಿಯೋದವರ ಫೋನ್ ಬರುತ್ತದೆ. ಹಾಡು ಇನ್ನೂ ಬಂದಿಲ್ಲ, ಬೇರೆಯವರದು ಹಾಕಲೇ? ಮಗ ಫೋನ್ ಹಿಡಿದುಕೊಂಡೇ ದೊಡ್ಡಮ್ಮನ ಕಡೆ ತಿರುಗುತ್ತಾನೆ. ದೊಡ್ಡಮ್ಮ ಹೋಗಲಿ ಬಿಡು ಎಂಬಂತೆ ಕೈಯಾಡಿಸುತ್ತಾರೆ. ಆದರೆ ಅವರ ಕಣ್ಣು ತುಂಬಿದೆ. ಸಿಕ್ಕಕ್ಕ ಫೋನ್ ಕಿತ್ತುಕೊಂಡು, "ಬರತ್ತೆ ಸ್ವಾಮಿ, ಜಾಗ ಖಾಲಿ ಇಟ್ಟಿರಿ!" ಎಂದು ಹೇಳಿ ಇಟ್ಟುಬಿಡುತ್ತಾರೆ. ಹೇಗೆ ಬರುತ್ತದೆ ಎಂಬುದು ಅವರಿಗೇ ಗೊತ್ತಿಲ್ಲ.

ವಾದ್ಯಗಳನ್ನೆಲ್ಲ ಬಾಯಿ ಮುಚ್ಚಿಸಿ, ದೊಡ್ಡಮ್ಮನ ದನಿಯೊಂದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾರೆ. ಪಲ್ಲವಿ ಮುಗಿದು, ಚರಣಕ್ಕೆ ಮೊದಲು ಅವರು ಉಸಿರೆಳೆದುಕೊಳ್ಳುವ ಬಿಡುವು. ಅಲ್ಲಿ ಸಿಕ್ಕಕ್ಕ ತಟ್ಟನೆ ನೆಟ್ಟಗಾಗುತ್ತಾರೆ. ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಾರೆ. ದನಿ ಏರಿಸಿ ಮತ್ತೆ.

"ರೆಕಾರ್ಡ್ ಮಾಡುವಾಗ ದೊಡ್ಡಮ್ಮನಿಗೆ ಹೆಡ್‌ಫೋನ್ ಜೋರಾಗಿ ಇಟ್ಟಿದ್ದೆಯಾ?"

"ಹೌದು. ಅವರಿಗೆ ಒಂದು ಕಿವಿ ಮಂದ. ತಾಳದ ಟಿಕ್ ಟಿಕ್ ಕೇಳಿಸಲ್ಲ ಅಂದ್ರು, ಪೂರ್ತಿ ಏರಿಸಿದ್ದೆ. ಅದು ಮೈಕಿಗೂ ಸೋರಿಬಿಟ್ಟಿದೆ. ನಾಚಿಕೆ ಆಯ್ತು, ಹೇಳ್ಲಿಲ್ಲ. ಕ್ಲೀನ್ ಮಾಡ್ಬೇಕು ಅಂತಿದ್ದೆ..."

"ಮಾಡಿದ್ರೆ ಕೊಂದೇಬಿಡ್ತಿದ್ದೆ!" ಸಿಕ್ಕಕ್ಕ ಕುರ್ಚಿಯಿಂದ ಜಿಗಿದೇ ಬಿಡುತ್ತಾರೆ. "ಹಳೇ ವೇಗ ಇಲ್ಲೇ ಇದೆಯಲ್ಲೋ! ಟಿಕ್ ಟಿಕ್ ಅಂತ ಇವರ ಉಸಿರಿನ ಪಕ್ಕದಲ್ಲೇ ಕೂತಿದೆ!"

ಕೋಣೆಗೆ ಜೀವ ಬರುತ್ತದೆ. ದನಿ ನಿಂತ ಬಿಡುವುಗಳಲ್ಲೆಲ್ಲ ಆ ಸಣ್ಣ ಟಿಕ್ಕಿನ ಮೇಲೆ ಸಿಕ್ಕಕ್ಕ ಗುರುತು ಹಾಕುತ್ತ ಹೋಗುತ್ತಾರೆ. ಹಾಡು ಜೋರಾಗಿ ಟಿಕ್ಕು ಮುಳುಗಿದ ಕಡೆ, ಆಚೆ ಈಚೆ ಗುರುತುಗಳ ನಡುವೆ ತಾಳ ಎಣಿಸಿ ಪಾಲು ಮಾಡುತ್ತಾರೆ. ಎರಡನೇ ಚರಣದ ಹೊಸ್ತಿಲಲ್ಲಿ ಕೈ ನಿಲ್ಲುತ್ತದೆ. ಅಲ್ಲಿಂದ ಮುಂದೆ ಟಿಕ್ಕುಗಳ ನಡುವಿನ ಅಂತರವೇ ಬೇರೆ.

"ಇಲ್ಲಿ ನಿಧಾನ ಮಾಡಿದ್ದೆಯೇನೋ?"

ಮಗ ಬಾಯಿ ತೆರೆದು ನಿಲ್ಲುತ್ತಾನೆ. "ಹೌದಲ್ವಾ! ಅಲ್ಲಿ ದೊಡ್ಡಮ್ಮನಿಗೆ ಉಸಿರು ಸಾಲ್ತಿರ್ಲಿಲ್ಲ. ಚೂರು ಇಳಿಸಿದ್ದೆ. ಮರೆತೇಹೋಗಿತ್ತು!" ಮೂಲೆಯಲ್ಲಿ ದೊಡ್ಡಮ್ಮ ಹೌದು ಹೌದೆಂದು ತಲೆ ಆಡಿಸುತ್ತಾರೆ. ಅವರಿಗೆ ನೆನಪಿತ್ತು, ಹೇಳಲು ದನಿಯಿರಲಿಲ್ಲ.

ಗುರುತುಗಳ ಮೇಲೆ ವೇಗ ಕೂರುತ್ತದೆ, ಮೊದಲಿಗೆ ಒಂದು, ಎರಡನೇ ಚರಣಕ್ಕೆ ಇನ್ನೊಂದು. ಸಿಕ್ಕಕ್ಕ ವಾದ್ಯಗಳ ಬಾಯಿ ಬಿಚ್ಚುತ್ತಾರೆ. ಡ್ರಮ್ಮು ದೊಡ್ಡಮ್ಮನ ಮೊದಲ ಅಕ್ಷರಕ್ಕೆ ಸರಿಯಾಗಿ ಬೀಳುತ್ತದೆ. ಕೊಳಲು ಅವರ ಉಸಿರಿಗೆ ಕಾದು ನಿಂತು ನುಡಿಯುತ್ತದೆ. ಎರಡನೇ ಚರಣ ಬರುತ್ತದೆ, ಯಾರೂ ಓಡಿಹೋಗುವುದಿಲ್ಲ. ಮಗ ಈ ಸಲ ಚಪ್ಪಾಳೆ ತಟ್ಟುವುದನ್ನೂ ಮರೆತಿದ್ದಾನೆ. ಸೋರಿದ ಟಿಕ್ಕುಗಳನ್ನು ಒರೆಸಿ, ಏರಿಳಿತ ಒಂದಿಷ್ಟು ಸರಿಮಾಡಿ, ಹಾಡನ್ನು ಕಳಿಸಿಕೊಟ್ಟಾಗ ಕೆಳಗಿನ ಸೈಕಲ್ ಅಂಗಡಿಯ ಬಾಗಿಲು ತೆರೆಯುವ ಸದ್ದು ಕೇಳುತ್ತದೆ.

ಮೂವರೂ ರೇಡಿಯೋದ ಸುತ್ತ ಕೂರುತ್ತಾರೆ. ನಿರೂಪಕಿ ಹಾಡಿದವರು ಇಂಥವರು, ಸಂಗೀತ ಇಂಥವರದು ಎನ್ನುತ್ತಾಳೆ. ಅಲ್ಲಿಗೆ ಹೆಸರುಗಳು ಮುಗಿದವು. ಸಿಕ್ಕಕ್ಕ ಅದನ್ನು ಗಮನಿಸಿದಂತೆಯೂ ಕಾಣುವುದಿಲ್ಲ, ಅವರ ಕಿವಿ ಎರಡನೇ ಚರಣಕ್ಕೆ ಕಾದಿದೆ. ಹಾಡು ಅಲ್ಲಿಗೆ ಬಂದಾಗ ದೊಡ್ಡಮ್ಮ ಮೈಮರೆತು ತುಟಿ ಬಿಚ್ಚುತ್ತಾರೆ. ಗಂಟಲಿನ ಬಟ್ಟೆ ಅಲುಗುತ್ತದೆ. ಸಿಕ್ಕಕ್ಕ ಒಂದೇ ನೆಗೆತಕ್ಕೆ ಹೋಗಿ ಅವರ ಬಾಯಿಗೆ ಅಂಗೈ ಒತ್ತುತ್ತಾರೆ.

"ಶ್! ಏನಮ್ಮಾ ನೀವು, ಸುಮ್ನೆ ಕೂತು ಕೇಳಿ. ನೀವಾಗ್ಲೇ ಹಾಡಿ ಆಗಿದೆ!"

ದೊಡ್ಡಮ್ಮ ಅಂಗೈಯ ಹಿಂದೆಯೇ ನಗುತ್ತಾರೆ, ಕಣ್ಣೀರು ಸಿಕ್ಕಕ್ಕನ ಬೆರಳ ಮೇಲೆ ಇಳಿಯುತ್ತದೆ. ಹಾಡು ಮುಗಿಯುವ ತನಕ ಇಬ್ಬರೂ ಹಾಗೇ ಇರುತ್ತಾರೆ.

ಇಷ್ಟು ವರ್ಷ ಇಷ್ಟೊಂದು ಜನರ ಹಾಡು ಉಳಿಸಿದ್ದೀರಲ್ಲ, ನಿಮಗೇನು ಆಸೆ ಎಂದು ಕೇಳಿದರೆ ಸಿಕ್ಕಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ. ಹೊಸ ಕಂಪ್ಯೂಟರ್, ಸನ್ಮಾನ, ಹಾಡಿನ ಜೊತೆ ತಮ್ಮದೂ ಒಂದು ಹೆಸರು, ಇವೆಲ್ಲ ಬಂದರೆ ಬೇಡ ಎನ್ನುವಷ್ಟು ಸಂನ್ಯಾಸಿ ತಾನಲ್ಲ ಎಂದು ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಮೂಲೆಯ ಕುರ್ಚಿಯ ಕಡೆ ನೋಡುತ್ತಾರೆ.

"ಇವತ್ತು ಮಾತ್ರ ಒಂದೇ ಆಸೆ. ಈ ದೊಡ್ಡಮ್ಮನ ಗಂಟಲು ವಾಸಿಯಾಗ್ಲಿ. ಇಲ್ಲೇ ಬಂದು ನಿಂತು ಇದೇ ಹಾಡನ್ನ ಮತ್ತೆ ಹಾಡ್ಲಿ, ಇದಕ್ಕಿಂತ ಚೆನ್ನಾಗಿ ಹಾಡ್ಲಿ. ನಾನು ಇವತ್ತು ಬೆವರು ಸುರಿಸಿದ್ದೆಲ್ಲ ದಂಡ ಆಗ್ಲಿ. ಆಗ ನೋಡಿ, ನನ್ನ ಈ ಕೆಲಸಾನ ನಾನೇ ನನ್ನ ಕೈಯಾರೆ ಅಳಿಸಿ ಹಾಕ್ತೀನಿ."