ಭಾಗ್ಯಜ್ಯೋತಿ ಬಸ್ ಹತ್ತುವ ಮೊದಲು

ಕರಜಗಿಯ ಸುನಿತಾ ಕಾದಂಬರಿಯನ್ನು ಬಾಯಲ್ಲಿ ಹೇಳುತ್ತಾಳೆ, ಕೈ ಹಿಟ್ಟಿನಲ್ಲಿರುತ್ತದೆ. ಗಂಡ ಅನೀಲಕುಮಾರ ತೀರಿಕೊಂಡ ಮೇಲೆ ಅವಳೂ ಅತ್ತೆ ಸುಭದ್ರಾಬಾಯಿಯೂ ಅಫಜಲಪುರದ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಬದುಕುತ್ತಿದ್ದಾರೆ. ಹೊಸಬರ ಕಾದಂಬರಿಯ ಕರಡು ಬೇಕೆಂದು ಪ್ರಕಾಶನವೊಂದು ಕರೆ ಕೊಟ್ಟಿರುವುದು ಅವಳಿಗೆ ತಿಳಿದಾಗ ಉಳಿದದ್ದು ಒಂದೇ ತಿಂಗಳು. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ರೊಟ್ಟಿ ಬಡಿಯುತ್ತಲೇ ಕಥೆ ಹೇಳಿ, ರೆಕಾರ್ಡ್ ಮಾಡಿ ಕಳಿಸತೊಡಗಿದಳು. ಅಫಜಲಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳತಿ ಖುರ್ಷಿದ ಆ ಧ್ವನಿ ಕೇಳಿ ಟೈಪು ಮಾಡುವಳು. "ಅಕ್ಕಾ, ನಿನ್ನ ನಾಯಕಿ ಏನಂದಳು? ಬರೇ ರೊಟ್ಟಿ ಬಡಿಯೂದು ಕೇಳ್ತದ" ಎಂದು ಆಗಾಗ ಫೋನು ಮಾಡುವಳು.

ಎಲ್ಲರಿಗಿಂತ ಮೊದಲು ಕೇಳುವವಳು ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುವ ಸುಭದ್ರಾಬಾಯಿ. ಕಥೆಯಲ್ಲಿ ಬರುವ ಭಾಗ್ಯಜ್ಯೋತಿ, ಆಳಂದದ ಎಳೆಯ ವಿಧವೆ, ಅವಳಿಗೆ ಬಲು ಹಿಡಿಸಿದ್ದಳು.

ಕೊನೆಯ ದಿನ ಬಂತು. ಸಂಜೆ ಐದರೊಳಗೆ ಕರಡು ತಲುಪಬೇಕು. ಕೊನೆಯ ಅಧ್ಯಾಯ ಇನ್ನೂ ಬಾಕಿ. ಭಾಗ್ಯಜ್ಯೋತಿ ಅತ್ತೆಮನೆ ಬಿಟ್ಟು ಬಸ್ ನಿಲ್ದಾಣಕ್ಕೆ ಬಂದಳು ಎಂದು ಸುನಿತಾ ಹೇಳುತ್ತಿದ್ದಂತೆ ಸುಭದ್ರಾಬಾಯಿ ಫೋನನ್ನು ಎತ್ತಿ ತೊಡೆಯ ಕೆಳಗೆ ಇಟ್ಟುಕೊಂಡಳು.

"ಬಸ್ ಹತ್ತಸಬ್ಯಾಡ ಆಕಿನ್ನ."

"ಅತ್ತಿ, ಕೊಡ್ರಿ. ಟೈಮಿಲ್ಲ."

"ಬಸ್ ಕೆಟ್ಟು ನಿಲ್ಲಲಿ. ನಮ್ಮ ರೋಡಿನ್ಯಾಗ ದಿನಾ ಕೆಡ್ತಾವ, ಯಾರೂ ಸುಳ್ಳ ಅನ್ನಂಗಿಲ್ಲ."

ಸುನಿತಾಗೆ ನಗು ಬಂತು. ಅತ್ತೆಯ ಮುಖ ನೋಡಿ ನಿಂತಿತು.

"ಆಕಿ ಮ್ಯಾಲ ಹಾಕಿ ನಿಂದ ಹೇಳಾಕತ್ತಿ. ನೀ ಹೋಗ್ತಿ ಏನ ಬೇ, ನನ್ನ ಬಿಟ್ಟು?"

ತೊಡೆಯ ಕೆಳಗೆ ಫೋನು ರಿಂಗಾಯಿತು. ಖುರ್ಷಿದಳೇ ಇರಬೇಕು. ಹೋಗುವುದಿಲ್ಲ ಎಂದರೆ ಸಾಕು, ಫೋನು ಕೈಗೆ ಬರುತ್ತದೆ. ಆ ಮಾತು ಸುನಿತಾಳ ನಾಲಿಗೆಯವರೆಗೂ ಬಂತು. ಆದರೆ ತಿಂಗಳಿಡೀ ಕಥೆಯ ಒಂದೊಂದು ಮಾತಿಗೂ ಒಲೆಯ ಬೆಳಕಲ್ಲಿ ಕಣ್ಣರಳಿಸಿದ್ದ ಈ ಮುದುಕಿಗೆ ಸುಳ್ಳು ಹೇಳುವುದು ಹೇಗೆ?

"ಒಮ್ಮೊಮ್ಮೆ ಹೋಗಬೇಕು ಅನಸ್ತದ್ರಿ ಅತ್ತಿ. ಇವತ್ತಂತೂ ಹೋಗಂಗಿಲ್ಲ. ಮುಂದಿಂದು ನನಗೂ ಗೊತ್ತಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಇಬ್ಬರೂ ತೆಗೆಯಲಿಲ್ಲ. ರಿಂಗು ನಿಂತು ಮತ್ತೆ ಶುರುವಾಯಿತು.

"ಯಾವೂರಿಗಿ ಹೊಂಟಾಳ ಆಕಿ?" ಎಂದಳು ಸುಭದ್ರಾಬಾಯಿ.

"ಜೇವರ್ಗಿಗಿ."

"ಅಲ್ಲಿ ಯಾರ ಅದಾರ?"

"ಯಾರೂ ಇಲ್ರಿ."

ಸುಭದ್ರಾಬಾಯಿ ಫೋನು ಹೊರತೆಗೆದು, ಸೆರಗಿನಿಂದ ಒರೆಸಿ, ಸೊಸೆಯ ಮುಂದೆ ಇಟ್ಟಳು.

"ಹಂಗಾರ ಲಗೂನ ಹತ್ತಸು. ಹೊತ್ತು ಮುಳುಗೂದ್ರಾಗ ಮುಟ್ಟಬೇಕು. ಒಬ್ಬಾಕಿನ ಅದಾಳ."

ಸುನಿತಾ ಒಂದೇ ಉಸಿರಿಗೆ ಹೇಳತೊಡಗಿದಳು. ಬಸ್ಸು ತುಂಬಿತ್ತು, ಭಾಗ್ಯಜ್ಯೋತಿ ಕಂಬಿ ಹಿಡಿದು ನಿಂತಳು ಎನ್ನುವಾಗ ಅತ್ತೆ ತಡೆದಳು.

"ಅಷ್ಟು ದೂರ ನಿಂತ ಹೋಗ್ತಾಳೇನು? ಕೂಡಸು."

ಐದಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಖುರ್ಷಿದ ಕರಡು ಕಳಿಸಿದಳು. ಅದರಲ್ಲಿ ಭಾಗ್ಯಜ್ಯೋತಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು.