ಹಡಗಲಿಗೆ ನಾನು ಹೋಗಿರಲಿಲ್ಲ

ದೆವ್ವ, ಗಾಳಿ, ಶಕುನ, ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಂಡ ಸ್ವಾಮಿಗಳು. ಇಂಥದ್ದನ್ನು ಯಾರಾದರೂ ನನ್ನ ಮುಂದೆ ಹೇಳಿದರೆ ಅವರ ಪಾಡು ಬೇಡ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಅಂಟಿಕೊಂಡ ಚಟ ಅದು. ಬೆಳಕು ಎಷ್ಟಿತ್ತು, ಊಟ ಆಗಿತ್ತೋ ಇಲ್ಲವೋ, ಜೊತೆಗೆ ಯಾರಿದ್ದರು ಎಂದು ಒಂದೊಂದಾಗಿ ಕೇಳುತ್ತ ಹೋದರೆ ಸ್ವಲ್ಪ ಹೊತ್ತಿಗೆಲ್ಲ ದೆವ್ವ ಬೇಲಿ ಹಾರಿ ಓಡಿರುತ್ತಿತ್ತು. ಅಂಥ ಪ್ರಶ್ನೆಗಳನ್ನು ಈ ಸಂಗತಿಗೂ ಕೇಳಿದ್ದೇನೆ. ನನಗಿಂತ ಗಟ್ಟಿಯಾಗಿ ನೀವು ಕೇಳಬಲ್ಲಿರಾದರೆ ಸಂತೋಷ. ನನಗೆ ಸಾಕಾಗಿದೆ.

ಕೈಫೋನಿಗೆ ಇ-ಮೇಲ್ ಬರುತ್ತದೆ ಎಂಬುದೇ ಸುದ್ದಿಯಾಗಿದ್ದ ಕಾಲ. ನಾನು ಒಂದು ಬೀಜದ ಕಂಪನಿಯ ಪ್ರತಿನಿಧಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನನ್ನ ಪಾಲಿಗೆ ಬಂದಿದ್ದ ಊರುಗಳು. ಮುಂಗಾರಿನ ಹಂಗಾಮು ಶುರುವಾದರೆ ಕೂಡ್ಲಿಗಿಯ ಒಂದು ಲಾಡ್ಜೇ ನನ್ನ ಮನೆ. ಬೀಜ, ಗೊಬ್ಬರದ ಅಂಗಡಿಯವರನ್ನು ನಾವು ಡೀಲರುಗಳು ಎನ್ನುತ್ತಿದ್ದೆವು. ಬಸ್ಸಿನಲ್ಲಿ ಊರೂರು ಸುತ್ತಿ ಅವರನ್ನು ಮಾತನಾಡಿಸಿ ಬರುವುದು ಕೆಲಸ.

ಮೊದಲು ಈ ಕೆಲಸದಲ್ಲಿ ಸ್ವಲ್ಪ ಉಸಿರಾಡಲು ಜಾಗವಿತ್ತು. ವಾರಕ್ಕೊಮ್ಮೆ ವರದಿ ಕಳಿಸಿದರೆ ಮುಗಿಯಿತು. ಬಸ್ಸು ತಪ್ಪಿದರೆ ತಪ್ಪಿತು, ಇನ್ನೊಂದು ಚಹಾ. ಆಮೇಲೆ ಹುಬ್ಬಳ್ಳಿಯ ಕಚೇರಿಯವರು ಆ ಫೋನು ಕೊಟ್ಟರು. ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಯಾವ ಯಾವ ಊರು ಎಂದು ಮೇಲ್ ಮಾಡಬೇಕು. ಪ್ರತಿ ಊರು ಬಿಡುವ ಮುನ್ನ ಭೇಟಿ ಆಯಿತು ಎಂದು ಮೇಲ್ ಮಾಡಬೇಕು. ಹೊಸ ಮೇಲ್ ಬಂದರೆ ಫೋನಿನ ತುದಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ರೇಂಜು ಸಿಗದ ರಸ್ತೆಗಳಲ್ಲಿ ಅದು ಆರಿರುತ್ತಿತ್ತು, ಆಗ ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದೆ. ಊರು ಹತ್ತಿರವಾಗುತ್ತಿದ್ದಂತೆ ಅಂಗಿಯ ಜೇಬಿನಲ್ಲಿ ಅದು ನಡುಗುತ್ತಿತ್ತು. ಎಚ್ಚರವಾದರೂ ಎದ್ದಂತೆ ಅನ್ನಿಸುತ್ತಿರಲಿಲ್ಲ.

ಆ ವರ್ಷ ಮೆಕ್ಕೆಜೋಳದ ಬೀಜದ ಒಂದು ಲಾಟು, ಒಂದೇ ಕಂತಿನಲ್ಲಿ ಬಂದ ಮಾಲು, ನನಗೆ ಅನುಮಾನ ಹುಟ್ಟಿಸಿತು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ನೋಡುವುದು ನಮ್ಮ ಕಸುಬಿನವರೆಲ್ಲರ ರೂಢಿ. ನನ್ನ ಬಳಿಯ ಸ್ಯಾಂಪಲ್ ಪೊಟ್ಟಣದಿಂದ ಒಂದು ಹಿಡಿ ತೆಗೆದು ಲಾಡ್ಜಿನ ಟವೆಲಿನಲ್ಲಿ ಸುತ್ತಿ ಕಿಟಕಿಯ ಹತ್ತಿರ ಇಟ್ಟಿದ್ದೆ. ಬಿಚ್ಚಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಬೀಜ ಕೊಳೆತು ವಾಸನೆ ಹಿಡಿದಿತ್ತು. ಮ್ಯಾನೇಜರಿಗೆ ಮೇಲ್ ಮಾಡಿದೆ. ಮರುದಿನ ಬೆಳಿಗ್ಗೆ ಉತ್ತರ ಬಂತು. ಅದೆಲ್ಲ ಹವಾಮಾನದ ಪರಿಣಾಮ, ಮೊಳಕೆಯ ಮಾತು ಎತ್ತಬೇಡ, ಡೀಲರುಗಳಿಗೆ ಧೈರ್ಯ ಹೇಳಿ ಮಳೆ ಹಿಡಿಯುವ ಮುಂಚೆ ಮಾಲು ಖಾಲಿ ಮಾಡಿಸು ಎಂದು. ಆ ಲಾಟು ಕೂಡ್ಲಿಗಿಗೆ ಬಂದಿರಲಿಲ್ಲ. ಉಳಿದ ನಾಲ್ಕೂ ಊರುಗಳಿಗೆ ಹೋಗಿತ್ತು.

ಮೊದಲ ಮಳೆಯ ಹದಕ್ಕೆ ಬಿತ್ತಿದ್ದು ಹುಟ್ಟದಿದ್ದರೆ ಬೀಜ ಬದಲಿಸಿ ಕೊಡಬಹುದು, ನೆಲದ ಹದ ಬದಲಿಸಿ ಕೊಡಲಾಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ವಾದ ಕಲಿತವನಿಗೆ ಒಂದು ಅನುಕೂಲವಿದೆ. ಯಾವ ಕಡೆ ನಿಲ್ಲಿಸಿದರೂ ಮಾತು ಸಿಗುತ್ತದೆ. ಕೊಟ್ಟೂರಿಗೆ ಹೋಗುವ ಮೊದಲ ಬಸ್ಸಿನಲ್ಲಿ ಕೂತು ಡೀಲರುಗಳಿಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಚೆನ್ನಾಗಿಯೇ ಜೋಡಿಸಿಕೊಂಡೆ. ಆಮೇಲೆ ನಿದ್ದೆ ಬಂತು.

ಕೊಟ್ಟೂರಿನ ಡೀಲರು ಮಹಬೂಬ್ ಸಾಹೇಬರು. ವಯಸ್ಸಾದವರು, ಮಾತಿಗೊಂದು ನಗೆ ಸೇರಿಸಿ ಆಡುವವರು. ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಕನ್ನಡಕ ಮೇಲೆ ಮಾಡಿ ನೋಡಿದರು.

"ಯಾಕ್ರಿ ಸರ್, ಏನರ ಮರ್ತು ಹೋಗಿದ್ರೇನು?"

"ಈಗ ಬಂದೀನ್ರಿ ಸಾಹೇಬ್ರ."

"ಈಗ ಹೋಗೀನಿ ಅನ್ರಿ. ನೀವು ಕುಡುದ ಚಾದ ಲೋಟ ಇನ್ನೂ ಬಿಸಿ ಐತಿ. ಮತ್ತೊಂದು ಬೇಕಂದ್ರ ಸೀದಾ ಕೇಳ್ರಿ, ನಾನೇನ್ ಇಲ್ಲ ಅಂತೀನೇನು?"

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಅಂಗಡಿಯ ಮುಂದೆ ಒಟ್ಟಿರುತ್ತಿದ್ದ ನಮ್ಮ ಚೀಲಗಳು ಇರಲಿಲ್ಲ. ಒಳಗೆ ಗೋಡೆಯ ಬುಡದಲ್ಲಿ, ಮೇಲೊಂದು ತಾಡಪಾಲು ಹೊದಿಸಿ ಇಟ್ಟಿದ್ದರು. ಇದೇನು ಎಂದು ಕೇಳಿದೆ. ಅವರ ನಗೆ ನಿಂತಿತು.

"ನೀವ ಹೇಳಿದ್ರಲ್ರೀ. ಈ ಲಾಟು ಮಾರಬ್ಯಾಡ್ರಿ, ಲಾಡ್ಜಿನ್ಯಾಗ ಟವಲ್‌ನ್ಯಾಗ ಕಟ್ಟಿಟ್ಟು ನೋಡೀನಿ, ಕೊಳತೈತಿ ಅಂದ್ರಿ. ಈಗ ಮಾರು ಅಂತೀರೇನು?"

ಮೊಳಕೆ ನೋಡಿದ ಸಂಗತಿ ಮ್ಯಾನೇಜರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಮ್ಯಾನೇಜರಿಗೂ ಪರೀಕ್ಷೆ ಮಾಡಿದೆ ಎಂದಷ್ಟೇ ಬರೆದಿದ್ದೆ, ಟವೆಲು ಎಂದು ಬರೆದಿರಲಿಲ್ಲ. ಸಾಹೇಬರು ನನ್ನ ಬಾಯನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಮೇಲೆ ಬರಲಿಲ್ಲ. ಇಟ್ಟಿದ್ದು ಇಟ್ಟಂಗ ಇರಲಿ ಎಂದೆ. ಭೇಟಿ ಆಯಿತು ಎಂದು ಮೇಲ್ ಮಾಡಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ವಿಚಾರ ಮಾಡಿದೆ. ನಮ್ಮ ಎದುರಾಳಿ ಕಂಪನಿಯ ಹುಡುಗನೊಬ್ಬನ ಕಿತಾಪತಿ ಇರಬಹುದು. ನನ್ನ ಹಾಗೆ ಕಾಣುವವನೊಬ್ಬನನ್ನು ಮುಂದೆ ಬಿಟ್ಟಿರಬಹುದು. ದಿನದ ಊರುಗಳ ಪಟ್ಟಿ ನಮ್ಮ ಕಚೇರಿಯಿಂದಲೇ ಹೊರಗೆ ಹೋಗಿರಬಹುದು. ಟವೆಲು ಒಂದು ಮಾತ್ರ ಈ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಲಾಡ್ಜಿನಲ್ಲಿ ಕಸ ಗುಡಿಸುವವರು ನೋಡಿ ಹೇಳಿರಬೇಕು ಎಂದು ಅದನ್ನೂ ಹೊಂದಿಸಿದೆ.

ಹಗರಿಬೊಮ್ಮನಹಳ್ಳಿಯಲ್ಲಿ ಕೊಟ್ರೇಶಿ, ನನ್ನ ವಾರಿಗೆಯವನು, ಕೌಂಟರಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದ. ಅವನೂ ಅದೇ ಮಾತು ಎತ್ತಿದ. ಈ ಸಲ ನಾನು ಬಿಡಲಿಲ್ಲ. ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿದ ಹಾಗೆ ಒಂದೊಂದೇ ಕೇಳಿದೆ. ಅಂಗಿ ಯಾವುದು ಎಂದರೆ ಇದೇ, ಕೊರಳ ಹತ್ತಿರ ಗುಂಡಿ ಇರಲಿಲ್ಲ ಎಂದ. ಬ್ಯಾಗು ಇದೇ. ದನಿ ಇದೇ.

"ನಾನಲ್ಲೋ ಮಾರಾಯ ಅವನು."

"ಲೇ, ನಿನ್ನ ಮಾರಿ ನನಗ ಗೊತ್ತಿಲ್ಲೇನಲೇ? ನಿದ್ದಿಗೆಟ್ಟ ಗೂಬಿ ಮಾರಿ. ಆದ್ರ ಬೆಳಿಗ್ಗಿ ಸ್ವಲ್ಪ ಗೆಲುವಾಗಿದ್ದಿ, ಈಗ ಮತ್ತ ಸೊರಗಿ ಬಂದೀದಿ."

"ಅವನ ಕೈಯಾಗ ಈ ಫೋನು ಇತ್ತೇನು?"

ಕೊಟ್ರೇಶಿ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. "ಇಲ್ಲ ನೋಡು. ಅದೊಂದು ಇರ್ಲಿಲ್ಲ. ನಾನ ಕೇಳಿದ್ನಲ್ಲ, ಎಲ್ಲಿ ನಿನ್ನ ಎರಡನೇ ಹೆಂಡ್ತಿ ಅಂತ. ಇಟ್ಟು ಬಂದೀನಿ ಅಂದಿ."

ಅವನ ಅಂಗಡಿಯಲ್ಲೂ ಚೀಲಗಳು ಒಳಗೆ ಹೋಗಿದ್ದವು.

ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂತು ಒಂದು ಉಪಾಯ ಮಾಡಿದೆ. ಅವನು ಯಾರೇ ಇರಲಿ, ನಾನು ಬೆಳಿಗ್ಗೆ ಕಳಿಸಿದ ಪಟ್ಟಿಯ ಪ್ರಕಾರವೇ ಮುಂದೆ ಮುಂದೆ ಹೋಗುತ್ತಿದ್ದಾನೆ. ಮುಂದಿನ ಊರು ಹಡಗಲಿ. ಅಲ್ಲಿಗೆ ಹೋಗದೆ ನೇರ ಕೊನೆಯ ಊರಾದ ಹರಪನಹಳ್ಳಿಗೆ ಹೋದರೆ ನಾನೇ ಮುಂದಾಗುತ್ತೇನೆ. ಬಂದವನನ್ನು ಅಲ್ಲೇ ಕೂತು ಹಿಡಿಯಬಹುದು. ಯಾರಿಗೂ ಸುಳಿವು ಸಿಗಬಾರದೆಂದು ಫೋನನ್ನು ಆರಿಸಿ ಬ್ಯಾಗಿನ ತಳಕ್ಕೆ ಹಾಕಿದೆ. ಹಡಗಲಿಯ ಬಸ್ಸು ಕಣ್ಣೆದುರೇ ಹೊರಟಿತು. ನಾನು ಹರಪನಹಳ್ಳಿಯ ಬಸ್ಸಿನಲ್ಲಿ ಕೂತೆ. ಜೇಬು ಹಗುರವಾಗಿತ್ತು. ಅಷ್ಟು ಗಾಢವಾದ ನಿದ್ದೆ ಆ ಹಂಗಾಮಿನಲ್ಲಿ ಬಂದಿರಲಿಲ್ಲ.

ಹರಪನಹಳ್ಳಿಯಲ್ಲಿ ನಾಗವೇಣಮ್ಮನ ಅಂಗಡಿ. ಗಂಡ ತೀರಿಕೊಂಡ ಮೇಲೆ ಆಕೆಯೇ ನಿಂತು ನಡೆಸುತ್ತಿದ್ದರು. ನನ್ನನ್ನು ನೋಡಿ, "ಬಾರಪ್ಪ, ಈ ಕಡೆ ಬಂದೇ ಇಲ್ಲ ಭಾಳ ದಿನ ಆಯ್ತು" ಎಂದರು. ಯಾರೂ ಬಂದಿರಲಿಲ್ಲ. ಗೆದ್ದೆ ಎನ್ನಿಸಿತು. ಚೀಲಗಳು ಅಂಗಡಿಯ ಮುಂದೆಯೇ ಇದ್ದವು, ಇನ್ನೂ ಬಾಯಿ ಬಿಚ್ಚಿರಲಿಲ್ಲ.

"ಬೆಳಗಾದ್ರೆ ಜನ ಬೀಜಕ್ಕೆ ಬರ್ತಾರಪ್ಪ," ಎಂದರು. "ಕೊಡ್ಲೇನು? ಕಂಪನಿ ಯಾರು ಅಂತ ಅವರಿಗೇನು ಗೊತ್ತು. ನಾಗವೇಣಮ್ಮ ಕೊಟ್ಲು ಅಂತ ಒಯ್ತಾರೆ. ನಾನು ನಿನ್ನ ಮಾತಿನ ಮೇಲೆ ಕೊಡಬೇಕು." ಆಮೇಲೆ ನನ್ನ ಕೈ ನೋಡಿ ಕೇಳಿದರು, "ಅಲ್ಲೋ ತಮ್ಮಾ, ಆ ಫೋನೆಲ್ಲಿ? ಯಾವಾಗ್ಲೂ ಕೈಯಾಗೇ ಇರ್ತಿತ್ತು."

"ಇಟ್ಟು ಬಂದೀನಮ್ಮ," ಎಂದೆ.

ಬ್ಯಾಗಿನಲ್ಲಿದೆ ಎನ್ನಬೇಕಾಗಿತ್ತು, ಬಾಯಿಗೆ ಬಂದದ್ದು ಅವನು ಕೊಟ್ರೇಶಿಗೆ ಹೇಳಿದ್ದ ಮಾತು. ಅದರ ಬೆನ್ನಿಗೇ ಉಳಿದದ್ದೂ ಬಂತು. ಈ ಲಾಟು ಮಾರಬೇಡಿ, ಲಾಡ್ಜಿನಲ್ಲಿ ಟವೆಲಿನಲ್ಲಿ ಕಟ್ಟಿಟ್ಟು ನೋಡಿದ್ದೇನೆ, ಕೊಳೆತಿದೆ. ಯಾವ ತಯಾರಿಯೂ ಇಲ್ಲದೆ ಹೇಳಿದೆ. ಆಕೆ ಹೂಂ ಎಂದರು, ಚೀಲಗಳನ್ನು ಒಳಗೆ ಹಾಕಿಸಿದರು. ಅವನಿಗಾಗಿ ಕಾದೆ. ಯಾರೂ ಬರಲಿಲ್ಲ. ಕೂಡ್ಲಿಗಿಯ ಕಡೆ ಹೋಗುವ ಕೊನೆಯ ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಹೊತ್ತು ಮುಳುಗುತ್ತಿತ್ತು. ಬಸ್ಸು ಊರು ದಾಟುವಾಗ ಫೋನನ್ನು ತೆಗೆದು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅದು ಗುನುಗಿತು. ನಾಗವೇಣಮ್ಮ. ದನಿ ತಗ್ಗಿಸಿ ಮಾತನಾಡುತ್ತಿದ್ದರು.

"ತಮ್ಮಾ, ಎಲ್ಲಿದೀಯ?"

"ಬಸ್ಸಿನ್ಯಾಗದೀನಮ್ಮ. ಯಾಕ?"

"ಹಂಗಾರೆ ಇಲ್ಲಿ ಕುಂತಿರೋನು ಯಾರಪ್ಪ?"

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಈಗ ಬಂದೆ ಅಂತಾನೆ. ಕೈಯಾಗ ಫೋನ್ ಐತೆ. ಬೀಜ ಮಾರ್ರಿ, ಏನೂ ಆಗಲ್ಲ ಅಂತ ಒಂದೇ ಸಮ ಮಾತಾಡ್ತಾನೆ. ನೀನೇ ಬ್ಯಾಡ ಅಂದು ಹೋದ್ಯಲ್ಲಪ್ಪ ಅಂದ್ರೆ ಸುಮ್ನೆ ನೋಡ್ತಾನೆ."

ಅವನ ಕೈಗೆ ಕೊಡಿ ಎಂದೆ. ಆಕೆಯ ಹೆಜ್ಜೆಯ ಸದ್ದು, ಬೀದಿಯಲ್ಲಿ ಹೋದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಯಾರೋ ರಿಸೀವರು ತೆಗೆದುಕೊಂಡರು. ಮಾತನಾಡಲಿಲ್ಲ. ಒಂದು ಉದ್ದನೆಯ ಉಸಿರು ಮಾತ್ರ ಬಂತು. ಊರೂರಿನಲ್ಲಿ ಬಸ್ಸಿಳಿದ ಕೂಡಲೇ ನಾನು ಬಿಡುವ ಉಸಿರು ಅದು, ನನಗೆ ಗೊತ್ತು. ಕೇಳಬೇಕಾದ ಪ್ರಶ್ನೆಗಳೆಲ್ಲ ನನ್ನ ಬಳಿ ಇದ್ದವು. ಕೇಳಲಿಲ್ಲ. ಬಸ್ಸು ಇಳಿಜಾರಿಗೆ ಇಳಿಯಿತು, ರೇಂಜು ಹೋಯಿತು. ಅವನು ನೀರು ಕೇಳಿ ಕುಡಿದು ಎದ್ದು ಹೋದನೆಂದು ಮರುದಿನ ನಾಗವೇಣಮ್ಮ ಹೇಳಿದರು. ಕೊನೆಯ ಬಸ್ಸಿನಲ್ಲಿ ನಾನಿದ್ದೆ. ಅವನು ಎಲ್ಲಿ ಮಲಗಿದನೋ.

ನನ್ನ ತಲೆ ನೆಟ್ಟಗಿರಲಿಲ್ಲ ಎಂದು ನೀವು ಹೇಳಬಹುದು. ನಾನೂ ಹೇಳಿ ನೋಡಿದೆ. ನಿದ್ದೆಗೆಟ್ಟವನಿಗೆ ಏನೇನೋ ಕಾಣುತ್ತದೆ, ಒಪ್ಪುತ್ತೇನೆ. ಆದರೆ ನಾನು ಏನನ್ನೂ ಕಾಣಲಿಲ್ಲ. ಕಂಡವರು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದ ಅಂಗಡಿಯವರು. ಡೀಲರುಗಳೆಲ್ಲ ಕೂಡಿ ನಾಟಕ ಆಡಿದರು ಎನ್ನಬೇಕೆಂದರೆ, ನಾನು ಹಡಗಲಿ ಬಿಟ್ಟು ಹೋಗುವುದು ಅವರಿಗೆ ಹೇಗೆ ತಿಳಿಯಬೇಕು? ನನಗೇ ಆ ಬೆಂಚಿನ ಮೇಲೆ ಕೂರುವ ತನಕ ತಿಳಿದಿರಲಿಲ್ಲ. ಹಡಗಲಿಯ ಭೇಟಿ ಆಯಿತು ಎಂಬ ಮೇಲ್ ಅವತ್ತು ಮಧ್ಯಾಹ್ನ ಕಚೇರಿಗೆ ತಲುಪಿದೆ. ನನ್ನ ಫೋನಿನಲ್ಲಿ ಅದನ್ನು ಕಳಿಸಿದ ಗುರುತಿಲ್ಲ. ಅದಕ್ಕೂ ಒಂದು ತಾಂತ್ರಿಕ ಕಾರಣ ಇರಬಹುದು. ಹುಡುಕಿಕೊಡುವವರು ಸಿಕ್ಕಿಲ್ಲ.

ಹಡಗಲಿಯ ಡೀಲರು ರುದ್ರಪ್ಪನವರು ಆ ಬೀಜ ಮಾರಿದ್ದರು. ಮಾಗಳದ ಕಡೆಯ ಹೊಲಗಳಲ್ಲಿ ಅದು ಹುಟ್ಟಲಿಲ್ಲ. ಕಂಪನಿ ಬೇರೆ ಬೀಜ ಕೊಟ್ಟಿತು, ಅಷ್ಟರಲ್ಲಿ ಹದ ಆರಿತ್ತು. ನಾನು ಅಲ್ಲಿಗೆ ಹೋದಾಗ ರುದ್ರಪ್ಪನವರು ಬೈಯಲಿಲ್ಲ. ಅವರ ಅಂಗಡಿಗೆ ಬರುತ್ತಿದ್ದ ಮಾಗಳದವರು ಈಗ ಎದುರಿನ ಅಂಗಡಿಯ ಮುಂದೆ ನಿಂತಿದ್ದರು. ರುದ್ರಪ್ಪನವರು ಅವರನ್ನೇ ನೋಡುತ್ತ ಕೂತಿದ್ದರು.

"ಭಾಳ ಚಂದ ಮಾತಾಡಿದ್ರಿ ಸರ್ ಅವತ್ತು," ಎಂದರು. "ಹುಟ್ಲಿಲ್ಲ ಅಂದ್ರ ತಪ್ಪು ಬೀಜದ್ದಲ್ಲ, ಆಳ ಬಿತ್ತಿದ ಕೂರಿಗೀದು ಅಂದ್ರಿ. ನಾನೂ ಹೌದಲ್ಲ ಅಂದೆ."

ಕೂರಿಗೆಯ ಆ ಮಾತನ್ನು ಕೊಟ್ಟೂರಿನ ಬಸ್ಸಿನಲ್ಲಿ ಕೂತು ಕಟ್ಟಿದವನು ನಾನೇ. ಯಾರ ಮುಂದೆಯೂ ಆಡಿರಲಿಲ್ಲ. ನಾನು ಹಡಗಲಿಗೆ ಬಂದೇ ಇರಲಿಲ್ಲ ಎಂದು ಅವರಿಗೆ ತೋರಿಸಬಹುದಾಗಿತ್ತು. ಹರಪನಹಳ್ಳಿಯ ಟಿಕೇಟು ಪಾಕೀಟಿನಲ್ಲೇ ಇತ್ತು, ಅದನ್ನು ತೆಗೆಯಲು ಕೈ ಹಾಕಿಯೂ ಇದ್ದೆ. ಆಗ ಅವರು ಕೇಳಿದರು, ಸಿಟ್ಟಿಲ್ಲದೆ, ಸುಮ್ಮನೆ ತಿಳಿದುಕೊಳ್ಳುವವರ ಹಾಗೆ:

"ಹುಟ್ಟಂಗಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?"

ಬಂದಿರಲಿಲ್ಲ ಎಂಬುದು ಈ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ.

"ಗೊತ್ತಿತ್ತು," ಎಂದೆ.